ಗುರುವಾರದ ಉಷ್ಣಾಂಶ

ಶೆಪರ್ಟನ್ ಊರಿನ ವಿಂಡಮ್ ಬೀದಿಯಲ್ಲಿ
ಹಳದಿ ಟೋಪಿ ತೊಟ್ಟ ಕೂಕಬರಾ ಹಕ್ಕಿಯ ಬೋರ್ಡಿನ ಕೆಳಗೆ
ಬೆಸ್ನಿಕ್ ಪೈ ಮಾರುತ್ತಿದ್ದ, ಒಂಬತ್ತು ವರ್ಷ.
ಹಕ್ಕಿ ಕಂಪನಿಯದು, ಟೋಪಿ ಕಂಪನಿಯದು,
ಪೈಯ ಅಂಚಿಗೆ ಮಡಿಕೆ ಎಷ್ಟೆಂಬುದೂ ಕಂಪನಿಯದೇ: ಇಪ್ಪತ್ತೆರಡು.
ಅವನದು ಒಲೆಯ ಮುಂದಿನ ಬೆವರು, ಬ್ಯಾಂಕಿನ ಸಾಲ,
ಬೆಳಗಿನ ಮೂರೂವರೆ ಗಂಟೆ.

ನಾನು ತಪಾಸಣೆಯವಳು.
ಮೆಲ್ಬರ್ನಿನಿಂದ ಕಾರು ಓಡಿಸಿಕೊಂಡು ಬಂದು
ಮಡಿಕೆ ಎಣಿಸುವವಳು.
ನಮ್ಮ ಕಡೆ ಪೈ ಅಂದರೆ ಹಳೇ ಕಾಲದ ಚಿಲ್ಲರೆ,
ಪೈ ಪೈಗೂ ಲೆಕ್ಕ ಅನ್ನುತ್ತೇವೆ ಎಂದು ಒಮ್ಮೆ ಅವನಿಗೆ ಹೇಳಿದ್ದೆ.
ನಕ್ಕು ಒಂದು ಪೈ ಕೊಟ್ಟ. ಬಿಲ್ಲು ಹಾಕಿಸಿದೆ;
ಹಾಕದಿದ್ದರೆ ಅದೂ ಒಂದು ಉಲ್ಲಂಘನೆ.

ಮೊದಲನೆಯದು ಮಾರ್ಚ್‌ನಲ್ಲಿ.
ಕಂಪನಿ ಒಪ್ಪಿದ ಡಬ್ಬಿ ಬಿಟ್ಟು
ಪಕ್ಕದ ತೋಟದ ಪೀಚ್ ಹಣ್ಣು ಹೆಚ್ಚಿ ತುಂಬಿದ್ದ.
"ಈ ಊರಿನ ಹಣ್ಣು ಊರೂರು ಸುತ್ತಿ
ದುಬಾರಿಯಾಗಿ ನನಗೇ ವಾಪಸು ಬರಬೇಕೇ?"
ತಿಂದು ನೋಡಿದೆ. ರುಚಿಗೆ ಫಾರಮಿನಲ್ಲಿ ಕಾಲಂ ಇರಲಿಲ್ಲ.
ಮೂವತ್ತು ದಿನದೊಳಗೆ ಸರಿಪಡಿಸಿದ.

ಜುಲೈಯಲ್ಲಿ ಎರಡನೆಯದು.
ಮಾರಾಟದ ವರದಿ ಹನ್ನೊಂದು ದಿನ ತಡ, ರಾಯಲ್ಟಿ ಇಪ್ಪತ್ತು ದಿನ.
ಹೆಂಡತಿ ದ್ರಿತಾಗೆ ಬೆನ್ನುಹುರಿಯ ಆಪರೇಶನ್ ಆಗಿತ್ತು.
ನೋಟಿಸಿನಲ್ಲಿ ಬೆನ್ನನ್ನು ಬರೆಯಲಿಲ್ಲ,
ದಿನಗಳನ್ನು ಬರೆದೆ.
ಅದನ್ನೂ ತೀರಿಸಿದ, ಬಡ್ಡಿ ಸಹಿತ.

ಅಷ್ಟಕ್ಕೆ ನಿಂತಿದ್ದರೆ...
ನಿಲ್ಲಲಿಲ್ಲ. ನವೆಂಬರಿನ ಒಂದು ಮಂಗಳವಾರ
ಮಾಂಸದ ಫ್ರಿಜ್ಜಿನ ದಾಖಲೆ ಪುಸ್ತಕ ತೆರೆದೆ:
ಬೆಳಿಗ್ಗೆ ನಾಲ್ಕು ಡಿಗ್ರಿ, ಸಂಜೆ ನಾಲ್ಕು ಡಿಗ್ರಿ,
ಬುಧವಾರ ನಾಲ್ಕು, ಗುರುವಾರ ನಾಲ್ಕು,
ಇನ್ನೂ ಹುಟ್ಟದ ಶನಿವಾರಕ್ಕೂ ಅದೇ ನೀಲಿ ಶಾಯಿ.
ಪುಟವನ್ನು ಅವನ ಕಡೆ ತಿರುಗಿಸಿ ಹಿಡಿದೆ.
ಅವನು ಕೈಗೆ ಅಂಟಿದ ಹಿಟ್ಟು ನೋಡಿಕೊಂಡ.
ಪೀಚಿಗೆ ವಾದವಿತ್ತು, ಬೆನ್ನಿಗೆ ಕರುಣೆಯಿತ್ತು,
ಗುರುವಾರಕ್ಕೆ ಏನೂ ಇರಲಿಲ್ಲ.

ಗದಗಿನ ಹತ್ತಿ ಮಾರುಕಟ್ಟೆಯಲ್ಲಿ ತೂಕದ ಬಟ್ಟುಗಳಿಗೆ
ಸರಕಾರಿ ಮುದ್ರೆ ಒತ್ತುವ ಕೆಲಸ ನನ್ನ ಅಪ್ಪನದು.
ಕಬ್ಬಿಣವನ್ನು ಯಾರೂ ಕದಿಯೋದಿಲ್ಲವ್ವಾ, ಅನ್ನುತ್ತಿದ್ದರು,
ಎತ್ತಿ ಇಟ್ಟು, ಎತ್ತಿ ಇಟ್ಟು,
ಒಂದು ದಿನ ಐದು ಕಿಲೋ ಐದು ಕಿಲೋ ಆಗಿರೋದಿಲ್ಲ.

ಕಲಮು ಇಪ್ಪತ್ತೆಂಟು ಹೇಳುವುದೂ ಅಂಥದ್ದನ್ನೇ:
ಹನ್ನೆರಡು ತಿಂಗಳಲ್ಲಿ ಮೂರು ಸಲ ತಪ್ಪಿದರೆ,
ಪ್ರತಿಯೊಂದನ್ನೂ ತಿದ್ದಿಕೊಂಡಿದ್ದರೂ ಸಹ,
ಕಂಪನಿ ಕರಾರು ಕಡಿದುಕೊಳ್ಳಬಹುದು.
ಗಾಯ ಮಾಯುತ್ತದೆ. ಎಣಿಕೆ ಮಾಯುವುದಿಲ್ಲ.
ಮೂರೂ ನೋಟಿಸಿನ ಕೆಳಗೆ ನನ್ನದೇ ಸಹಿ.

ಏಣಿಯವರು ಹಕ್ಕಿಯನ್ನು ಇಳಿಸಲು ಬಂದ ದಿನ
ಬೆಸ್ನಿಕ್ ನನಗೆ ತನ್ನ ಹೆಸರಿನ ಅರ್ಥ ಹೇಳಿದ:
ಅಲ್ಬೇನಿಯನ್ ಭಾಷೆಯಲ್ಲಿ, ಕೊಟ್ಟ ಮಾತು ಉಳಿಸಿಕೊಳ್ಳುವವನು.
ವ್ಯಂಗ್ಯವಿರಲಿಲ್ಲ. ನಿನಗೆ ತಿಳಿದಿರಲಿ ಎಂಬಂತಿತ್ತು.
ಆಮೇಲೆ ಕೇಳಿದ: ಎರಡು ವರ್ಷ, ಹತ್ತು ಕಿಲೋಮೀಟರಿನ ಒಳಗೆ
ನಾನು ಪೈ ಮಾಡಕೂಡದು, ಅಲ್ಲವೇ?
ನನ್ನ ಮನೆ ನಾಲ್ಕು ಕಿಲೋಮೀಟರ್.
ಭಾನುವಾರ ದ್ರಿತಾಗೆ ಒಂದು ಮಾಡಿಕೊಟ್ಟರೆ?

ತಮಾಷೆ ಎಂದುಕೊಂಡು ನಕ್ಕೆ. ಅವನು ನಗಲಿಲ್ಲ.

ನಗಾಂಬಿ ದಾಟಿದ ಮೇಲೆ ಹೆದ್ದಾರಿಯ ಬದಿಗೆ ಕಾರು ನಿಲ್ಲಿಸಿ
ಕರಾರು ತೆಗೆದು ಸಣ್ಣಕ್ಷರ ಓದಿದೆ.
'ಮಾರಾಟಕ್ಕಾಗಿ' ಎಂಬ ಪದ ಇತ್ತು, ಸದ್ಯ.
ಫೋನು ಕೈಗೆತ್ತಿಕೊಂಡೆ. ಅವನಿಗೆ ನಾನೀಗ ಯಾರು?
ಡಬ್ಬಿ ಹಣ್ಣಿನ ಲಾರಿಯೊಂದು ಕಾರನ್ನು ಅಲುಗಿಸಿ ಹೋಯಿತು.
ಭಾನುವಾರ ಮಾಡಬಹುದು, ಎಂದಷ್ಟೇ ಬರೆದೆ.
ಮಡಿಕೆ ಎಷ್ಟಾದರೂ ಇರಲಿ
ಎಂದು ಬರೆದು, ಅಳಿಸಿದೆ.